ಐವತ್ತಾರು ಬಳ್ಳಿ

ಸೋಮವಾರ ಬೆಳಿಗ್ಗೆ ಲ್ಯಾಬಿನಿಂದ ಬಂದ ಕಾಗದವನ್ನು ಡಾಕ್ಟರಮ್ಮ ಎರಡು ಸಲ ಓದಿದಳು. ಮೂರನೆಯ ಸಲ ಓದುವ ತಾಳ್ಮೆ ಇರಲಿಲ್ಲ, ಮೇಜಿನ ಮೇಲೆ ಕುಕ್ಕಿದಳು. ಕುಕ್ಕಿದ ರಭಸಕ್ಕೆ ಹಳೆ ಪೇಪರಿನಲ್ಲಿ ಒತ್ತಿಟ್ಟಿದ್ದ ಒಣ ಎಲೆಗಳ ಕಟ್ಟು ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತುವುದಕ್ಕೂ ಅವಳು ಬಗ್ಗಲಿಲ್ಲ.

ಸಂಬಾರ ಬೆಳೆಗಳ ಆ ಸಂಶೋಧನಾ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು. ಕಾಳುಮೆಣಸಿನ ಬಳ್ಳಿ ತನ್ನ ಸುತ್ತಲಿನ ಮರ, ಮಣ್ಣು, ಹುಳುಹುಪ್ಪಟೆಗಳ ಜೊತೆ ಹೇಗೆ ಬಾಳ್ವೆ ಮಾಡುತ್ತದೆ ಎಂದು ಓದಿ ಡಾಕ್ಟರು ಅನ್ನಿಸಿಕೊಂಡವಳು ಅವಳು. ಅದು ಗೊತ್ತಿದ್ದೂ ತಲೆನೋವಿಗೆ ಮಾತ್ರೆ ಕೇಳಿಕೊಂಡು ಬರುವ ಗುಮಾಸ್ತರಿಗೇನೂ ಬರವಿರಲಿಲ್ಲ. ಇವತ್ತು ತಲೆನೋವು ಅವಳದ್ದೇ. ಯಾರ ಹತ್ತಿರ ಮಾತ್ರೆ ಕೇಳುವುದು?

ಎಂಟು ವರ್ಷದ ಹಿಂದೆ ಕೇಂದ್ರದ ಹಿಂಬದಿಯಲ್ಲಿ ಅವಳು ಎರಡು ತಾಕು ಮಾಡಿಸಿದ್ದಳು. ಒಂದೊಂದರಲ್ಲೂ ಹತ್ತು ಸಾಲು, ಅರವತ್ತು ಬಳ್ಳಿ, ಎಲ್ಲವೂ ಒಂದೇ ತಳಿ, ಒಂದೇ ವಾರದಲ್ಲಿ ನೆಟ್ಟದ್ದು. ಮೊದಲನೆಯದಕ್ಕೆ ಕೆಲಸದವರೇ ಬೋಳುತಾಕು ಎಂದು ಹೆಸರಿಟ್ಟರು. ಅಲ್ಲಿ ಒಂದೇ ಜಾತಿಯ ಆಸರೆ ಮರ, ನೆಲದಲ್ಲಿ ಒಂದು ಹುಲ್ಲುಕಡ್ಡಿ ಇಲ್ಲ, ಕ್ಯಾಲೆಂಡರ್ ನೋಡಿಕೊಂಡು ಔಷಧಿ ಸಿಂಪಡಣೆ. ಇನ್ನೊಂದು ಕಾಡುತಾಕು. ಅಲ್ಲಿ ನಾಲ್ಕು ಜಾತಿಯ ಮರ, ಉದುರಿದ ಎಲೆ ಉದುರಿದಲ್ಲೇ, ಕಳೆ ಬೆಳೆದಷ್ಟು ಬೆಳೆಯಲಿ, ಔಷಧಿಯ ಮಾತೇ ಎತ್ತುವ ಹಾಗಿಲ್ಲ. ಕೇಳಬೇಕಾಗಿದ್ದ ಪ್ರಶ್ನೆ ಒಂದೇ ಒಂದು: ಮೆಣಸಿನ ತೋಟಗಳನ್ನು ವರ್ಷ ವರ್ಷವೂ ನುಂಗಿ ನೀರು ಕುಡಿಯುವ ಸೊರಗು ರೋಗಕ್ಕೆ ಯಾವ ತಾಕಿನಲ್ಲಿ ಎಷ್ಟು ಬಳ್ಳಿ ಸಾಯುತ್ತವೆ?

ಬಂದ ಉತ್ತರ ಕೇಳಿ ಅವಳೇ ಬೆರಗಾಗಿದ್ದಳು. ಬೋಳುತಾಕಿನಲ್ಲಿ ಎಂಟು ವರ್ಷಕ್ಕೆ ಇಪ್ಪತ್ತೊಂದು ಬಳ್ಳಿ ಸತ್ತವು. ಕಾಡುತಾಕಿನಲ್ಲಿ ಸತ್ತದ್ದು ನಾಲ್ಕು, ಅದೂ ಮೊದಲ ಎರಡು ವರ್ಷದಲ್ಲಿ. ಆ ನಾಲ್ಕು ಜಾಗದಲ್ಲಿ ಡಾಕ್ಟರಮ್ಮ ತಾನೇ ಕೆಂಪು ಗೂಟ ಹೊಡೆದಿದ್ದಳು. ಆಮೇಲಿನ ಆರು ವರ್ಷ ಒಂದೇ ಒಂದು ಸಾವಿಲ್ಲ. ಪ್ರತಿ ತಿಂಗಳು ಬರುವ ಫಾರಂನಲ್ಲಿ ಐವತ್ತಾರು, ಐವತ್ತಾರು, ಐವತ್ತಾರು. ಮೂರನೆಯ ವರ್ಷದ ಹೊತ್ತಿಗೆ ಮಣ್ಣಿನಲ್ಲಿ ಉಪಕಾರಿ ಶಿಲೀಂಧ್ರಗಳು ನೆಲೆಯೂರಿ ಬೇರನ್ನು ಕಾಯಲು ಶುರು ಮಾಡುತ್ತವೆ ಎಂದು ಅವಳು ಒಂದು ದೊಡ್ಡ ಪ್ರಬಂಧವನ್ನೇ ಬರೆದಳು. ಅಲ್ಲಲ್ಲಿ ಕೆಲವು ಬಳ್ಳಿಗಳು ಸಣಕಲಾಗಿದ್ದವು. ಅದಕ್ಕೂ ಅವಳ ಹತ್ತಿರ ಕಾರಣವಿತ್ತು, ನೆರಳಿನಲ್ಲಿ ಬೆಳವಣಿಗೆ ನಿಧಾನ. ಓದಿದವರ ಹತ್ತಿರ ಕಾರಣಗಳಿಗೆ ಬಡತನವೇ?

ಈಗ ಬೆಳೆಗಾರರಿಗೆ ಹಂಚಲು ಮೂರು ಸಾವಿರ ಪ್ರತಿ ಕೈಪಿಡಿ ಅಚ್ಚಿಗೆ ಹೋಗಿತ್ತು. ತಾಕಿನಲ್ಲಿರುವುದು ಇಂಥ ತಳಿ ಎಂದು ಒಂದು ಸಾಲು ಸೇರಿಸುವುದಕ್ಕೋಸ್ಕರ, ಶಾಸ್ತ್ರಕ್ಕೆ ಎಂಬಂತೆ, ಎಲೆಗಳನ್ನು ಪರೀಕ್ಷೆಗೆ ಕಳಿಸಿದ್ದಳು. ಲ್ಯಾಬಿನವರು ಬರೆದಿದ್ದರು: ಕಾಡುತಾಕಿನ ಐವತ್ತಾರು ಬಳ್ಳಿಗಳಲ್ಲಿ ಹದಿನೇಳು ಆ ತಳಿಯವೇ ಅಲ್ಲ.

ಅಲ್ಲದೆ ಏನು, ರಾತ್ರೋರಾತ್ರಿ ಜಾತಿ ಬದಲಾಯಿಸಿಕೊಂಡವೇ?

ಇಷ್ಟಕ್ಕೇ ಆಗಿದ್ದರೆ ಅವಳು ಲ್ಯಾಬಿನವರನ್ನು ಬೈದು ಸುಮ್ಮನಾಗುತ್ತಿದ್ದಳು. ಆದರೆ ಅವಳ ಮಾತನ್ನು ನಂಬಿಕೊಂಡು ಅಕ್ಕ ಕೂತಿದ್ದಳು. ಮೂರು ತಾಸಿನ ಬಸ್ಸಿನ ದಾರಿಯಲ್ಲಿ, ಕಾಲುವೆಯ ಪಕ್ಕದಲ್ಲಿ, ಅಕ್ಕ ಭಾವನದು ನಾಲ್ಕು ಎಕರೆ ಮೆಣಸಿನ ತೋಟ. ಹದಿನೈದು ವರ್ಷದ ಬಳ್ಳಿಗಳು, ಕಾಯಿ ಬಿಡುವುದರಲ್ಲಿ ಮೋಸವಿಲ್ಲ, ಆದರೆ ಔಷಧಿ ಹೊಡೆಯಲೇಬೇಕು. ಹೊಡೆದು ಹೊಡೆದು ಭಾವನ ಎರಡು ಕೈಯೂ ಮೊಣಕೈವರೆಗೆ ಬಿರಿದು, ಚರ್ಮದ ಡಾಕ್ಟರು ಇನ್ನು ಆ ಡಬ್ಬಿ ಮುಟ್ಟಿದರೆ ನನ್ನ ಹತ್ತಿರ ಬರಬೇಡಿ ಎಂದುಬಿಟ್ಟಿದ್ದರು. ಅಕ್ಕ ಒಂದು ವರ್ಷ ಯೋಚಿಸಿದಳು. ಹಳೆ ಬಳ್ಳಿ ಕಡಿಸಿ, ಹೊಸ ಮರ ನೆಟ್ಟು, ತಂಗಿ ಹೇಳಿದ ಹಾಗೆ ಕಾಡುತಾಕು ಮಾಡುವುದು ಎಂದು ತೀರ್ಮಾನಿಸಿದಳು. ಆಳುಗಳು ಬರುವ ಭಾನುವಾರಕ್ಕೆ ಗೊತ್ತಾಗಿದ್ದರು. ಅವಳು ಕೇಳಿದ್ದು ಒಂದೇ ಮಾತು.

"ಪುಟ್ಟಿ, ಸಾಯಲ್ಲ ತಾನೆ?"

"ಸಾಯಲ್ಲ ಅಕ್ಕ. ಆರು ವರ್ಷದಿಂದ ಒಂದೂ ಸತ್ತಿಲ್ಲ," ಎಂದಿದ್ದಳು ಡಾಕ್ಟರಮ್ಮ. ಎರಡನೆಯ ಸಲ ಯೋಚಿಸಿಯೂ ಇರಲಿಲ್ಲ.

ಮಂಗಳವಾರ ಅವಳು ಲ್ಯಾಬಿಗೆ ದಂಡೆತ್ತಿ ಹೋದಳು. ಪೇಟೆಯ ಇನ್ನೊಂದು ತುದಿಯಲ್ಲಿ, ಪೈಪು ನಲ್ಲಿಗಳ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಅದು. ಅಲ್ಲಿನ ಮುಖ್ಯಸ್ಥ ಲ್ಯಾಬಿನ ಗಾಜಿನ ಕೊಳವೆಯ ಹಾಗೆ ಉದ್ದಕ್ಕೆ, ತೆಳ್ಳಗೆ ಇದ್ದುದರಿಂದ ಇಡೀ ಇಲಾಖೆ ಅವನನ್ನು ಬೆನ್ನ ಹಿಂದೆ ಪಿಪೆಟ್ಟು ಎನ್ನುತ್ತಿತ್ತು. ಕೂರಿ ಎಂದು ಅವನು ಹೇಳುವ ಮುಂಚೆಯೇ ಡಾಕ್ಟರಮ್ಮ ಶುರು ಮಾಡಿದಳು.

"ನಿಮ್ಮ ಎಲೆ ಡಬ್ಬಿಗಳು ಅದಲುಬದಲಾಗಿವೆ."

"ಆಗಿಲ್ಲ ಮೇಡಂ."

"ನೋಡದೇ ಹೇಗೆ ಹೇಳ್ತೀರಿ?"

"ನೋಡಿಯೇ ಹೇಳ್ತಿದ್ದೀನಿ. ನಿಮ್ಮ ಸಹಿ ಕಂಡ ತಕ್ಷಣ ಎರಡೆರಡು ಸಲ ಮಾಡಿಸಿದೆ. ನಿಮ್ಮ ಜೊತೆ ಜಗಳಕ್ಕೆ ನಿಲ್ಲೋ ಆಸೆ ಯಾರಿಗಿದೆ?"

"ಒಂದೇ ವಾರದಲ್ಲಿ, ಒಂದೇ ಕಡೆಯಿಂದ ತಂದು ನೆಟ್ಟ ಬಳ್ಳಿ ಅವು. ಹದಿನೇಳು ಬೇರೆ ತಳಿ ಆಗೋಕೆ ಸಾಧ್ಯವೇ ಇಲ್ಲ. ಮೊದಲು ನಿಮ್ಮ ಕೈಕೆಳಗಿನವರನ್ನ ವಿಚಾರಿಸಿ."

ಪಿಪೆಟ್ಟು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. "ಮೇಡಂ, ತಪ್ಪು ತಿಳೀಬೇಡಿ. ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ಈ ನೆಲ ನಂದು, ನೆಟ್ಟಗೇ ಇದೆ. ಬೇಕಾದ್ರೆ ಹೊಸ ಎಲೆ ಕಳಿಸಿ, ಶುಕ್ರವಾರಕ್ಕೆ ಮತ್ತೆ ಮಾಡಿಕೊಡ್ತೀನಿ."

ಮೆಟ್ಟಿಲು ಇಳಿಯುವಾಗ ಡಾಕ್ಟರಮ್ಮನ ಕಿವಿ ಬಿಸಿಯಾಗಿತ್ತು. ಡೊಂಕಂತೆ, ನೆಲವಂತೆ. ಅವನ ಮೂತಿಗಿಷ್ಟು. ಕೆಳಗೆ ನಲ್ಲಿ ಅಂಗಡಿಯವನು ಪೈಪನ್ನು ಗರಗಸದಲ್ಲಿ ಕೊಯ್ಯುತ್ತಿದ್ದ, ಆ ಕಿರ್ರೋ ಸದ್ದಿಗೆ ಅವನ ಮೇಲೂ ಸಿಟ್ಟು ಬಂತು. ಕೇಂದ್ರಕ್ಕೆ ಮರಳಿದವಳೇ ಮೇಸ್ತ್ರಿಯನ್ನು ಕರೆಸಿ, ಕಾಡುತಾಕಿನ ಎಲ್ಲ ಬಳ್ಳಿಗಳಿಂದ ಹೊಸದಾಗಿ ಎಲೆ ಕಿತ್ತು ಲ್ಯಾಬಿಗೆ ಮುಟ್ಟಿಸಲು ಹೇಳಿದಳು. ತಾನೇ ಹೋಗೋಣ ಎಂದರೆ ಮರುದಿನದ ಮೀಟಿಂಗಿಗೆ ನಲವತ್ತು ಪುಟದ ವರದಿ ತಿದ್ದುವುದಿತ್ತು. ವರ್ಷದಲ್ಲಿ ಇನ್ನೂರು ದಿನ ಅವಳಿಗೆ ಇಂಥದ್ದೇ ಏನೋ ಒಂದು ತಿದ್ದುವುದಿರುತ್ತಿತ್ತು.

ಬುಧವಾರ ಆ ಮೀಟಿಂಗು ಬೆಳಿಗ್ಗೆ ಹತ್ತಕ್ಕೆ ಶುರುವಾಗಿ, ಮುಗಿಯುವ ಲಕ್ಷಣವೇ ಇಲ್ಲದೆ ಎಳೆಯುತ್ತಾ ಹೋಯಿತು. ಹೊಸ ಕುರ್ಚಿಗಳ ಬಣ್ಣದ ಬಗ್ಗೆಯೇ ಮುಕ್ಕಾಲು ಗಂಟೆ. ನಡುವೆ ಅಕ್ಕನ ಫೋನು ಮೂರು ಸಲ ಬಂತು. ಮೂರು ಸಲವೂ ಡಾಕ್ಟರಮ್ಮ ಫೋನನ್ನು ಕವುಚಿ ಹಾಕಿದಳು. ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ನಾಲ್ಕನೆಯ ಸಲ ಬಂತು. ಅವಳ ಗಂಡ ಶಾಲೆಯಲ್ಲಿ ಗಣಿತದ ಮೇಷ್ಟ್ರು, ತಟ್ಟೆಯ ಪಕ್ಕದಲ್ಲೇ ಉತ್ತರಪತ್ರಿಕೆಗಳ ಕಟ್ಟು ಇಟ್ಟುಕೊಂಡು ಉಣ್ಣುವವನು.

"ಎತ್ತಬಾರದಾ?" ಎಂದ.

"ಎತ್ತಿ ಏನಂತ ಹೇಳಲಿ? ನನಗೇ ಗೊತ್ತಿಲ್ಲ. ಶುಕ್ರವಾರ ರಿಪೋರ್ಟ್ ಬರಲಿ, ಆಮೇಲೆ ಮಾತಾಡ್ತೀನಿ. ಕಡಿಯೋದು ಹೇಗೂ ಭಾನುವಾರ."

"ಗೊತ್ತಿಲ್ಲ ಅಂತಲೇ ಹೇಳಬಹುದಲ್ಲ."

"ನಿಮ್ಮ ಮಕ್ಕಳು ಪರೀಕ್ಷೇಲಿ ಗೊತ್ತಿಲ್ಲ ಅಂತ ಬರೆದರೆ ನೀವು ಎಷ್ಟು ಕೊಡ್ತೀರಿ?"

"ಸೊನ್ನೆ," ಎಂದ ಮೇಷ್ಟ್ರು, ಇನ್ನೊಂದು ಉತ್ತರಪತ್ರಿಕೆ ಎಳೆದುಕೊಂಡು. "ತಪ್ಪು ಬರೆದರೂ ಸೊನ್ನೆಯೇ. ಆದರೆ ಗೊತ್ತಿಲ್ಲ ಅಂದವರ ಪೇಪರ್ ಓದೋಕೆ ಬೇಗ ಆಗುತ್ತೆ."

ಇವರ ಹತ್ತಿರ ಮಾತಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ ಎಂದುಕೊಂಡು ಡಾಕ್ಟರಮ್ಮ ಎದ್ದು ಕೈ ತೊಳೆದಳು. ಫೋನು ಇನ್ನೂ ಸ್ವಲ್ಪ ಹೊತ್ತು ಹೊಡೆದುಕೊಂಡು ತಾನೇ ನಿಂತಿತು.

ಶುಕ್ರವಾರ ಸಂಜೆ ರಿಪೋರ್ಟು ಬಂತು. ಅದೇ ಹದಿನೇಳು. ಅವೇ ನಂಬರಿನ ಬಳ್ಳಿಗಳು. ಕೆಳಗೆ ಪಿಪೆಟ್ಟು ತನ್ನ ಕೈಯಾರೆ ಒಂದು ಸಾಲು ಸೇರಿಸಿದ್ದ, "ನಿಮ್ಮ ತೋಟದವರನ್ನೂ ಒಮ್ಮೆ ವಿಚಾರಿಸಿ" ಎಂದು.

ಶನಿವಾರ ಎಂಟು ಗಂಟೆಗೆಲ್ಲ ಅವಳು ಬೂಟು ಹಾಕಿಕೊಂಡು ಕಾಡುತಾಕಿಗೆ ನಡೆದಳು. ಬೂಟಿನ ಒಳಗೆ ಜೇಡ ಗೂಡು ಕಟ್ಟಿತ್ತು, ಅದನ್ನು ಜಾಡಿಸಬೇಕಾಯಿತು. ತಾಕಿನ ಬಾಗಿಲಲ್ಲಿ ಮೇಸ್ತ್ರಿ ಕಾಯುತ್ತಿದ್ದ. ಮೂವತ್ತೊಂದು ವರ್ಷದಿಂದ ಈ ಕೇಂದ್ರದಲ್ಲಿ ಇದ್ದವನು, ಕೆಲಸಗಾರರ ಮುಖ್ಯಸ್ಥ. ತನ್ನ ಕೈಯಲ್ಲಿ ಕೊಡೆಯ ಕಡ್ಡಿ ನೆಟ್ಟರೂ ಚಿಗುರುತ್ತದೆ ಎಂಬುದು ಅವನ ಜಂಬ, ಮತ್ತು ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಡಾಕ್ಟರಮ್ಮ ಪಟ್ಟಿ ಹಿಡಿದು ಒಂದು ಬಳ್ಳಿಯ ಮುಂದೆ ನಿಂತಳು.

"ಮೇಸ್ತ್ರಿ, ಇದು ನಾವು ನೆಟ್ಟ ಬಳ್ಳಿ ಅಲ್ಲ."

"ಅಲ್ಲಮ್ಮ," ಎಂದ ಮೇಸ್ತ್ರಿ, ಸ್ವಲ್ಪವೂ ಅಳುಕದೆ. "ಇದು ನಾನು ನೆಟ್ಟಿದ್ದು."

"ಯಾವಾಗ?"

"ಮುಂಚಿನದು ಸತ್ತಾಗ."

ಡಾಕ್ಟರಮ್ಮ ಪಟ್ಟಿಯನ್ನು ಕೆಳಗಿಳಿಸಿದಳು. "ಸತ್ತದ್ದನ್ನ ನನಗೆ ಯಾಕೆ ಹೇಳಲಿಲ್ಲ?"

"ಹೇಳೋಕೆ ಏನಿದೆ ಅದರಲ್ಲಿ? ಸತ್ತ ಜಾಗ ಖಾಲಿ ಬಿಡಬಾರದು ಅನ್ನೋದು ಈ ತೋಟದ ಕಾನೂನು. ನಿಮಗಿಂತ ಮುಂಚೆ ಇದ್ದ ಸಾಹೇಬ್ರು ಒಂದು ಗುಂಡಿ ಖಾಲಿ ಕಂಡ್ರೆ ನನ್ನ ಅರ್ಧ ದಿನದ ಹಾಜರಿ ಕತ್ತರಿಸ್ತಿದ್ರು. ಅಂಥದ್ದರಲ್ಲಿ ಇದು ನಿಮ್ಮ ತಾಕು. ದೊಡ್ಡ ದೊಡ್ಡವರು ನೋಡೋಕೆ ಬರೋ ಜಾಗ. ಹಲ್ಲು ಉದುರಿದ ಬಾಯಿ ಹಾಗೆ ಬಿಟ್ಟರೆ ಚೆನ್ನಾಗಿರುತ್ತಾ? ನರ್ಸರಿಯ ಮೀಸಲು ಸಾಲಿನಲ್ಲಿ ಮೂರು ವರ್ಷ ಬೆಳೆಸಿದ್ದನ್ನ ಬುಡದ ಮಣ್ಣು ಒಡೆಯದ ಹಾಗೆ ಹೊತ್ತು ತಂದು ಕೂರಿಸಿದ್ದೀನಿ. ಅದೇ ತಳಿ ಇದ್ದಾಗ ಅದೇ ಹಾಕಿದೆ. ಇಲ್ಲದಾಗ ಇನ್ನೊಂದು."

"ಕೆಂಪು ಗೂಟ ಹೊಡೆದ ಕಡೆ ಯಾಕೆ ನೆಡಲಿಲ್ಲ ಹಾಗಾದ್ರೆ?"

"ಅಲ್ಲಿ ನೆಡಬೇಡಿ ಅಂತ ನೀವೇ ಹೇಳಿದ್ರಿ. ಗೂಟ ಇದ್ದ ಕಡೆ ಬಿಟ್ಟೆ, ಗೂಟ ಇಲ್ಲದ ಕಡೆ ನೆಟ್ಟೆ. ಆಮೇಲೆ ನೀವು ಗೂಟ ಹೊಡೀಲೇ ಇಲ್ಲ."

"ಇದು ಪ್ರಯೋಗ ಕಣ್ರೀ," ಎಂದಳು ಅವಳು, ಧ್ವನಿ ಏರುತ್ತಿರುವುದು ಅವಳಿಗೇ ಕೇಳಿಸುತ್ತಿತ್ತು. "ಎಷ್ಟು ಸಾಯುತ್ತೆ ಅಂತ ನೋಡೋಕೇ ಇದನ್ನ ಮಾಡಿದ್ದು. ನೀವು ಸತ್ತದ್ದನ್ನೆಲ್ಲ ಮುಚ್ಚಿಟ್ಟು ನನ್ನ ಎಂಟು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಮಾಡಿದ್ರಲ್ಲ. ತಿಂಗಳು ತಿಂಗಳೂ ಐವತ್ತಾರು ಅಂತ ಬರೆದ್ರಲ್ಲ, ಕೈ ನಡುಗಲಿಲ್ವಾ?"

ಮೇಸ್ತ್ರಿಯ ಮುಖ ಸಪ್ಪಗಾಯಿತು. ಹೆಗಲ ಮೇಲಿನ ಟವೆಲ್ಲು ತೆಗೆದು ಮತ್ತೆ ಹಾಕಿಕೊಂಡ. "ಸುಳ್ಳು ಬರೆಯೋ ಜಾಯಮಾನ ನಂದಲ್ಲಮ್ಮ. ಬದುಕಿರೋ ಬಳ್ಳಿ ಎಷ್ಟು ಅಂತ ಫಾರಂನಲ್ಲಿ ಕೇಳಿತ್ತು. ಪ್ರತಿ ತಿಂಗಳು ಒಂದೊಂದನ್ನೂ ಮುಟ್ಟಿ ಎಣಿಸಿ ಬರೆದಿದ್ದೀನಿ. ಸತ್ತದ್ದು ಎಷ್ಟು ಅಂತ ಒಂದು ಖಾನೆ ಇದ್ದಿದ್ರೆ ಅದನ್ನೂ ತುಂಬಿಸ್ತಿದ್ದೆ. ಔಷಧಿ ಹೊಡೀಬೇಡ ಅಂದ್ರಿ, ಹೊಡೀಲಿಲ್ಲ. ಕಳೆ ಕೀಳಬೇಡ ಅಂದ್ರಿ, ಕೀಳಲಿಲ್ಲ. ಗೊಬ್ಬರ ಬೇಡ ಅಂದ್ರಿ, ಹಾಕಲಿಲ್ಲ. ತಾಕಿನ ಬಾಗಿಲ ಬೋರ್ಡು ತುಂಬ ಬೇಡಗಳನ್ನೇ ಬರೆಸಿದ್ರಿ. ನೆಡಬೇಡ ಅಂತ ಇನ್ನೊಂದು ಬರೆಸಿದ್ರೆ ನಾನ್ಯಾಕೆ ನೆಡ್ತಿದ್ದೆ?"

ಆ ಫಾರಂ ಮಾಡಿದ್ದು ಡಾಕ್ಟರಮ್ಮನೇ. ಎರಡು ಪುಟವಿದ್ದದ್ದನ್ನು ಒಂದು ಪುಟಕ್ಕೆ ಇಳಿಸಿ, ಕೆಲಸ ಹಗುರ ಮಾಡಿದೆ ಎಂದು ನಿರ್ದೇಶಕರಿಂದ ಬೆನ್ನು ತಟ್ಟಿಸಿಕೊಂಡಿದ್ದಳು.

"ಬೋಳುತಾಕಿನಲ್ಲಿ?" ಎಂದು ಕೇಳಿದಳು. "ಅಲ್ಲೂ ಹೀಗೇ ತುಂಬಿಸಿದ್ದೀರಾ?"

"ಅದು ಗುತ್ತಿಗೆಯವರ ಕೈಯಲ್ಲಿ ಅಲ್ವಾ? ಅವರಿಗೆ ಬದುಕಿದ್ದೂ ಒಂದೇ, ಸತ್ತಿದ್ದೂ ಒಂದೇ. ಸತ್ತದ್ದು ಸತ್ತ ಹಾಗೇ ಇದೆ." ಅವನ ಮಾತಿನಲ್ಲಿ ತಿರಸ್ಕಾರವಿತ್ತು.

ಎಂಟು ವರ್ಷದಲ್ಲಿ ಅವಳು ಅಳೆದದ್ದು ನೆರಳನ್ನಲ್ಲ, ಶಿಲೀಂಧ್ರವನ್ನಲ್ಲ, ಸುಡುಗಾಡನ್ನೂ ಅಲ್ಲ. ಒಂದು ತಾಕನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುವವನಿದ್ದ, ಇನ್ನೊಂದಕ್ಕೆ ದಿಕ್ಕಿರಲಿಲ್ಲ, ಅಷ್ಟೇ. ಇದನ್ನು ತಿಳಿಯಲು ಡಾಕ್ಟರೇಟ್ ಪದವಿ ಬೇಕಿತ್ತೇ? ಅವಳಿಗೆ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು. ಪಟ್ಟಿಯನ್ನು ಹರಿದು ಎಸೆಯೋಣ ಅನ್ನಿಸಿತು. ಎಸೆಯಲಿಲ್ಲ, ಏಕೆಂದರೆ ಮೇಸ್ತ್ರಿ ಅಷ್ಟರಲ್ಲಿ ಮುಂದೆ ನಡೆದಿದ್ದ.

"ಯಾವ್ಯಾವುದು ಅಂತ ಬೇಕಾ? ಬನ್ನಿ, ಹೇಳ್ತೀನಿ. ನನಗೆ ಒಂದೂ ಮರೆತಿಲ್ಲ."

ಸಾಲು ಸಾಲಾಗಿ ನಡೆದರು. ಇದು ನಮ್ಮ ದೊಡ್ಡ ಮಗಳ ಮದುವೆಯಾದ ವರ್ಷ, ಎಂದ. ಇದು ನಾನು ದವಡೆ ಹಲ್ಲು ಕೀಳಿಸಿಕೊಂಡ ವಾರ, ಕೆನ್ನೆಗೆ ಬಟ್ಟೆ ಕಟ್ಟಿಕೊಂಡೇ ಗುಂಡಿ ತೋಡಿದ್ದೆ. ಇದು ಎರಡು ಸಲ ಸತ್ತಿತು, ಹಟಮಾರಿ ಜಾಗ. ಇದು ಮುಟ್ಟಿಲ್ಲ, ಮೊದಲಿನದೇ. ಡಾಕ್ಟರಮ್ಮ ಬರೆದುಕೊಳ್ಳುತ್ತಾ ಹೋದಳು. ಲ್ಯಾಬಿನವರು ಹಿಡಿದದ್ದು ಹದಿನೇಳು. ಅದೇ ತಳಿಯಿಂದ ತುಂಬಿಸಿದ್ದು ಲ್ಯಾಬಿಗೂ ಗೊತ್ತಾಗುವ ಹಾಗಿರಲಿಲ್ಲ, ಅವು ಇನ್ನೂ ಒಂಬತ್ತು. ಒಟ್ಟು ಇಪ್ಪತ್ತಾರು. ಮೊದಲಿನ ನಾಲ್ಕನ್ನು ಸೇರಿಸಿದರೆ ಮೂವತ್ತು. ಅರವತ್ತರಲ್ಲಿ ಮೂವತ್ತು ಸತ್ತಿದ್ದವು. ಬೋಳುತಾಕಿನ ಇಪ್ಪತ್ತೊಂದಕ್ಕಿಂತ ಒಂಬತ್ತು ಹೆಚ್ಚು.

ಅವಳು ತಾಕಿನ ನಕ್ಷೆಯ ಮೇಲೆ ಗುರುತು ಹಾಕಿ ನೋಡಿದಳು. ಇಳಿಜಾರಿನ ಮೇಲಿನ ಐದು ಸಾಲಿನಲ್ಲಿ ಸತ್ತದ್ದು ಐದೇ. ಕೆಳಗಿನ ಐದು ಸಾಲಿನ ಮೂವತ್ತು ಬಳ್ಳಿಗಳಲ್ಲಿ ಇಪ್ಪತ್ತೈದು.

"ಕೆಳಗೆ ನೀರು ಬಸಿಯಲ್ಲಮ್ಮ," ಎಂದ ಮೇಸ್ತ್ರಿ, ಅವಳ ಭುಜದ ಮೇಲಿಂದ ನಕ್ಷೆಗೆ ಇಣುಕುತ್ತಾ. "ಉದುರಿದ ಎಲೆ ಬೇರೆ ಗೇಣುದ್ದ. ಮಳೆ ನಿಂತು ಹತ್ತು ದಿನ ಆದ್ರೂ ಬುಡ ಒದ್ದೆ. ನೆರಳು, ಒದ್ದೆ, ಆ ರೋಗಕ್ಕೆ ಇನ್ನೇನು ಬೇಕು? ಮೇಲಿನ ಸಾಲುಗಳು ನೋಡಿ, ರಾಜನ ಹಾಗಿವೆ. ಅಲ್ಲಿ ನಿಮ್ಮ ಕ್ರಮ ಚೆನ್ನಾಗೇ ನಡೆಯುತ್ತೆ. ತಗ್ಗಿನಲ್ಲಿ ಮಾತ್ರ ನಡೆಯಲ್ಲ."

"ಇದನ್ನ ಯಾರಿಗೂ ಹೇಳಲಿಲ್ವಾ ನೀವು?"

"ಯಾರೂ ಕೇಳಲಿಲ್ಲ."

ಹನ್ನೊಂದು ಗಂಟೆಗೆ ಅವಳು ನಿರ್ದೇಶಕರ ಕೋಣೆಯಲ್ಲಿದ್ದಳು. ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿಯೇ ಆ ಕುರ್ಚಿಯವರೆಗೆ ಬಂದವರು. ಎಲ್ಲವನ್ನೂ ಕೇಳಿಸಿಕೊಂಡು, ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು.

"ನೋಡಿ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೈಪಿಡಿಯಲ್ಲಿ ಸಾಯುವುದಿಲ್ಲ ಅಂತ ಇದೆ ಅಲ್ವಾ? ಸಾಯುವ ಸಾಧ್ಯತೆ ಕಡಿಮೆ ಅಂತ ಮಾಡಿಬಿಡಿ. ಒಂದು ಪದ."

"ಸಾಧ್ಯತೆ ಹೆಚ್ಚಿದೆ ಸರ್, ತಗ್ಗಿನ ತೋಟಗಳಲ್ಲಿ."

"ಅದನ್ನ ಮುಂದಿನ ಆವೃತ್ತಿಯಲ್ಲಿ ಹಾಕೋಣ. ಈಗ ಮೇಸ್ತ್ರಿ ಮೇಲೆ ಒಂದು ಟಿಪ್ಪಣಿ ಬರೆದುಕೊಡಿ. ನಿರ್ಲಕ್ಷ್ಯ ಅಂತ. ನಾಳೆ ಯಾರಾದ್ರೂ ಕೇಳಿದ್ರೆ ನಮ್ಮ ಕೈ ತೊಳೆದಿರಬೇಕು."

ಡಾಕ್ಟರಮ್ಮ ಅಲ್ಲಿಂದಲೇ ಅಚ್ಚುಮನೆಗೆ ಫೋನ್ ಮಾಡಿ ಕೈಪಿಡಿ ನಿಲ್ಲಿಸಿ ಎಂದಳು. ಅವರ ಎದುರಿಗೇ ಮಾಡಿದಳು. ನಿರ್ದೇಶಕರ ಮುಖ ಹುಳ್ಳಗಾಯಿತು. ಆ ಒಂದು ಕೆಲಸ ಮಾಡಿದ್ದಕ್ಕೆ ಅವಳಿಗೆ ಐದು ನಿಮಿಷ ಸಮಾಧಾನವಾಯಿತು. ತನ್ನ ಕೋಣೆಗೆ ಬಂದು ಟಿಪ್ಪಣಿ ಬರೆಯಲು ಕೂತಳು. ಮೇಸ್ತ್ರಿಯ ನಿರ್ಲಕ್ಷ್ಯದಿಂದಾಗಿ ಎಂದು ಬರೆದು, ನಿಲ್ಲಿಸಿ, ಹಾಳಾಗಲಿ ಮೊದಲು ಅಕ್ಕನಿಗೆ ಹೇಳೋಣ ಎಂದು ಫೋನು ತೆಗೆದಳು. ಹೇಗೂ ಕಡಿಯುವುದು ನಾಳೆ, ಇನ್ನೂ ಕಾಲ ಮಿಂಚಿಲ್ಲ.

"ಅಕ್ಕ, ನಾಳೆ ಆಳುಗಳು ಬರೋದು ಬೇಡ ಅಂತ ಹೇಳಿಬಿಡು."

"ನಾಳೆ ಯಾಕೆ ಬರ್ತಾರೆ?" ಎಂದಳು ಅಕ್ಕ. "ಗುರುವಾರವೇ ಬಂದ್ರಲ್ಲ. ಬೇರೆ ಕಡೆ ಕೆಲಸ ಬೇಗ ಮುಗೀತಂತೆ, ಬರೋದಾ ಬಿಡೋದಾ ಅಂತ ಬುಧವಾರ ಕೇಳಿ ಕಳಿಸಿದ್ರು. ನಿನ್ನ ಒಂದು ಮಾತು ಕೇಳೋಣ ಅಂತ ಎಷ್ಟು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಸರಿ, ಹೇಳಿದ್ದು ಹೇಳಿಯಾಗಿದೆ, ಇನ್ನೇನು ಹೊಸದಾಗಿ ಹೇಳ್ತಾಳೆ ಅಂತ ಶುರು ಮಾಡಿಸಿದೆ."

ಡಾಕ್ಟರಮ್ಮ ಕುರ್ಚಿಯಿಂದ ಎದ್ದು ನಿಂತಳು. "ಎಷ್ಟು ಕಡಿದ್ರು?"

"ಕಾಲುವೆ ಪಕ್ಕದ ಎರಡು ಎಕರೆ ಮುಗೀತು. ಮೇಲಿನ ಎರಡು ಎಕರೆ ಇನ್ನೂ ಇದೆ, ಸೋಮವಾರ ಬರ್ತಾರೆ. ಯಾಕೆ ಪುಟ್ಟಿ, ಏನಾಯ್ತು?"

ಅವಳು ಹೇಳಿದಳು. ಲ್ಯಾಬಿನ ಹದಿನೇಳು, ಮೇಸ್ತ್ರಿಯ ಇಪ್ಪತ್ತಾರು, ತಗ್ಗಿನ ಸಾಲುಗಳು, ಬಸಿಯದ ನೀರು. ಕಾಲುವೆ ಪಕ್ಕದಲ್ಲಿ ಹೊಸ ಬಳ್ಳಿ ನೆಟ್ಟರೆ ಹೆಚ್ಚಿನವು ಸಾಯುತ್ತವೆ, ನೆಡಬೇಡ. ಮೇಲಿನದನ್ನು ಮುಟ್ಟಬೇಡ, ಅಲ್ಲಿ ಏನು ಮಾಡಬಹುದು ಎಂದು ನೋಡೋಣ. ಮಾತು ಮಾತಿಗೂ ಮೇಸ್ತ್ರಿಯ ಹೆಸರು ಬಂತು. ಮೇಸ್ತ್ರಿ ಹೇಳಲಿಲ್ಲ, ಮೇಸ್ತ್ರಿ ಮುಚ್ಚಿಟ್ಟ, ಮೇಸ್ತ್ರಿಯಿಂದಾಗಿ ಎಲ್ಲರೂ ಮೋಸ ಹೋದರು. ಅಕ್ಕನ ಹಿಂದೆ ಎಲ್ಲೋ ಭಾವ, ಕಡಿದ ಬಳ್ಳಿಗಳನ್ನು ಎಲ್ಲಿ ರಾಶಿ ಹಾಕಲಿ ಎಂದು ಕೂಗಿ ಕೇಳುತ್ತಿದ್ದುದು ಫೋನಿನಲ್ಲಿ ಕೇಳಿಸಿತು.

"ಆ ಮೇಸ್ತ್ರಿ ಪ್ರತಿ ತಿಂಗಳು ಮುಟ್ಟಿ ಎಣಿಸ್ತಿದ್ದ ಅಂದೆ," ಎಂದಳು ಅಕ್ಕ.

"ಹೌದು."

"ನೀನು?"

ಡಾಕ್ಟರಮ್ಮ ಕಿಟಕಿಯ ಕಡೆ ತಿರುಗಿದಳು. "ಮೊದಲ ಎರಡು ವರ್ಷ ನಾನೇ ಎಣಿಸಿದ್ದೆ."

"ಆಮೇಲೆ?"

"ಆಮೇಲೆ ಫಾರಂ ಬರ್ತಿತ್ತು. ನನಗೆ ಮೀಟಿಂಗು, ವರದಿ, ಒಂದಲ್ಲ ಒಂದು..."

"ಆರು ವರ್ಷದಿಂದ ಒಂದೂ ಸತ್ತಿಲ್ಲ ಅಂತ ನನಗೆ ಹೇಳಿದೆಯಲ್ಲ. ಆ ಆರು ವರ್ಷದಲ್ಲಿ ಒಂದು ಸಲವಾದ್ರೂ ಹೋಗಿ ಎಣಿಸಿದ್ದೆಯಾ?"

ಹೇಳಲು ಬಾಯಿತುದಿಗೆ ಎಷ್ಟೋ ಬಂದವು. ಲ್ಯಾಬು, ನಿರ್ದೇಶಕರು, ಕುರ್ಚಿಗಳ ಬಣ್ಣ, ನಲವತ್ತು ಪುಟ. ಯಾವುದೂ ಅಕ್ಕನ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

"ಇಲ್ಲ ಅಕ್ಕ."

ಅಕ್ಕ ಬೈಯುತ್ತಾಳೆ ಎಂದು ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಕ್ಕ ಬೈಯಲಿಲ್ಲ.

"ನಾಳೆ ಮೊದಲ ಬಸ್ಸಿಗೆ ಬಾ," ಎಂದಳು. "ಮೇಲಿನ ಎರಡು ಎಕರೆಯಲ್ಲಿ ಎಷ್ಟು ಬಳ್ಳಿ ಉಳಿದಿದೆ ಅಂತ ನನ್ನನ್ನ ಕೇಳಬೇಡ. ನೀನೇ ಎಣಿಸ್ಕೋ."